ಬಟ್ಟೆ ನೋಡಿ ಬೀದಿ ಹೇಳುವವರಿಗೆ

ಉಡುಗೆಯೇ ಒಂದು ಸಮುದಾಯದ ಗುರುತು, ಅದನ್ನು ಬಿಟ್ಟವರು ತಮ್ಮತನವನ್ನೇ ಬಿಟ್ಟಂತೆ ಎಂಬ ಮಾತು ಈಗ ಯಾರೂ ಪ್ರಶ್ನಿಸದ ಸತ್ಯವಾಗಿ ಓಡಾಡುತ್ತಿದೆ. ಸೀರೆ ಪ್ರದರ್ಶನದ ಕರಪತ್ರದಲ್ಲಿ ಅದು ಇರುತ್ತದೆ, ವಸ್ತುಸಂಗ್ರಹಾಲಯದ ಫಲಕದಲ್ಲಿರುತ್ತದೆ, ಯಾವುದೋ ನೇಯ್ಗೆಗೆ ಜಿಐ ಟ್ಯಾಗ್ ಸಿಕ್ಕ ದಿನ ಪತ್ರಿಕೆಯ ವರದಿಯಲ್ಲೂ ಇರುತ್ತದೆ. ಕಾಲೇಜಿನ 'ಎಥ್ನಿಕ್ ಡೇ' ದಿನ ಹುಡುಗರು ಅಂಟಿಸುವ ಪಂಚೆ ಸುತ್ತಿಕೊಂಡು, ಹುಡುಗಿಯರು ಅಮ್ಮನ ಬೀರುವಿನ ರೇಷ್ಮೆ ಸೀರೆ ಉಟ್ಟು ಬಂದು ಕೂತಿರುತ್ತಾರೆ. ಮುಖ್ಯ ಅತಿಥಿಗಳು ಮೈಕ್ ಹಿಡಿದು, ನಮ್ಮ ಅಜ್ಜಿಯಂದಿರ ಸೀರೆ ನೋಡಿದರೆ ಸಾಕು, ಯಾವ ಊರು, ಯಾವ ಮನೆತನ ಅಂತ ಹೇಳಿಬಿಡಬಹುದಿತ್ತು, ಈಗ ಎಲ್ಲರೂ ಒಂದೇ ಥರ ಕಾಣ್ತಾರೆ ಎಂದು ನಿಟ್ಟುಸಿರು ಬಿಡುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ.

ನನ್ನ ತಕರಾರು ಇರುವುದು ಆ ಚಪ್ಪಾಳೆಯ ಬಗ್ಗೆ. ಸೀರೆ ನೋಡಿ ಊರು ಹೇಳಬಹುದಾಗಿದ್ದ ಕಾಲದಲ್ಲಿ ಸೀರೆ ನೋಡಿ ಬೀದಿಯನ್ನೂ ಹೇಳಬಹುದಿತ್ತು. ಬೀದಿ ಗೊತ್ತಾದರೆ ಮುಗಿಯಿತು. ಜಗಲಿ ಮೇಲೆ ಕೂರಿಸಬೇಕೋ ಅಂಗಳದಾಚೆ ನಿಲ್ಲಿಸಬೇಕೋ, ನೀರನ್ನು ಲೋಟದಲ್ಲಿ ಕೊಡಬೇಕೋ ಮೇಲಿಂದ ಬೊಗಸೆಗೆ ಹುಯ್ಯಬೇಕೋ ಎಂಬುದು ಬಾಯಿ ತೆರೆದು ಕೇಳದೆಯೇ ತೀರ್ಮಾನವಾಗುತ್ತಿತ್ತು. ಬಟ್ಟೆ ಆ ಕೆಲಸ ಮಾಡುತ್ತಿತ್ತು. 'ಎಲ್ಲರೂ ಒಂದೇ ಥರ ಕಾಣುವುದು' ನಮ್ಮ ಊರುಗಳು ಕಳೆದ ನೂರು ವರ್ಷದಲ್ಲಿ ಗಳಿಸಿದ ಕೆಲವೇ ಒಳ್ಳೆಯ ಸಂಗತಿಗಳಲ್ಲಿ ಒಂದು. ಅದನ್ನು ನಷ್ಟದ ಲೆಕ್ಕಕ್ಕೆ ಬರೆಯುವುದು ತಪ್ಪು ಲೆಕ್ಕ.

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಂಥ ಹೋಬಳಿ ಊರಿನಲ್ಲಿ ಬೆಳಗಿನ ಹೊತ್ತು ಹಾಲಿನ ಡೇರಿ ಮುಂದೆ ನಿಂತು ನೋಡಿ. ಸ್ಟೀಲ್ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರಲ್ಲಿ ಬಹಳ ಮಂದಿ ನೈಟಿ ತೊಟ್ಟಿರುತ್ತಾರೆ. ನೈಟಿಯ ಮೇಲೆ ಒಂದು ಟವೆಲ್. ದೊಡ್ಡ ಹೂವಿನ ಅಚ್ಚು, ಒಗೆದು ಒಗೆದು ಮಂಕಾದ ಬಣ್ಣ, ಕತ್ತಿನ ಹತ್ತಿರ ಎರಡು ಗುಂಡಿ. ಲಿಂಗಾಯತರ ಬೀದಿ, ನಾಯಕರ ಬೀದಿ, ಉಪ್ಪಾರರ ಬೀದಿ, ದಲಿತರ ಕೇರಿ, ಸಾಬರ ಬೀದಿ, ಎಲ್ಲ ಕಡೆಯಿಂದ ಬಂದವರೂ ಇದ್ದಾರೆ. ಹೊರಗಿನಿಂದ ಬಂದವರು ಯಾರು ಯಾವ ಬೀದಿಯವರು ಎಂದು ಬಟ್ಟೆ ನೋಡಿ ಹೇಳಲಿ ನೋಡೋಣ. ಇನ್ನೂ ಹೊತ್ತಾದ ಮೇಲೆ ನಂಜನಗೂಡಿನ ಫ್ಯಾಕ್ಟರಿಗಳ ಕಡೆ ಹೋಗುವ ಬಸ್ಸು ಹತ್ತುವ ಹುಡುಗಿಯರನ್ನು ನೋಡಿ: ಚೂಡಿದಾರ್, ಕತ್ತಿನಲ್ಲಿ ಕಂಪನಿಯ ಟ್ಯಾಗು, ಕೈಯಲ್ಲಿ ಟಿಫನ್ ಬಾಕ್ಸು. ಇದನ್ನು ನೋಡಿ ಸಂಸ್ಕೃತಿ ಹಾಳಾಯಿತು ಎನ್ನುವವರು, ಹಾಳಾದದ್ದು ಯಾರ ಸಂಸ್ಕೃತಿಯ ಯಾವ ಭಾಗ ಎಂದು ಒಮ್ಮೆಯಾದರೂ ಬಿಡಿಸಿ ಹೇಳಬೇಕು.

ಉಡುಗೆ ಮತ್ತು ಗುರುತಿನ ಮಾತು ಬಂದಾಗಲೆಲ್ಲ ವಿದ್ವಾಂಸರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸೀಮೆಯನ್ನು ಉದಾಹರಿಸುತ್ತಾರೆ. ಜಗತ್ತಿನ ಅತ್ಯಂತ ಸೊಗಸಾದ ಪ್ರಾಚೀನ ನೇಯ್ಗೆ ಅಲ್ಲಿಯದು ಎಂಬುದರಲ್ಲಿ ಅನುಮಾನವಿಲ್ಲ. 1927ರಲ್ಲಿ ಪೆರುವಿನ ಪುರಾತತ್ವಜ್ಞ ಹುಲಿಯೊ ತೆಯೊ ಪರಾಕಾಸ್ ಮರಳುಗಾಡಿನಲ್ಲಿ 429 ಶವದ ಮೂಟೆಗಳನ್ನು ಪತ್ತೆಹಚ್ಚಿದ. ಎರಡು ಸಾವಿರ ವರ್ಷ ಹಳೆಯ ಕಸೂತಿ ಹೊದಿಕೆಗಳು ಬಣ್ಣ ಮಾಸದೆ ಹೊರಬಂದವು. ಇಂದು ಆ ಹೊದಿಕೆಗಳ ಚಿತ್ರ ಹಾಕಿ 'ಒಂದು ಜನಾಂಗದ ಗುರುತು' ಎಂದು ಬರೆಯುತ್ತಾರೆ. ಬಿಟ್ಟುಬಿಡುವ ಮಾತೊಂದಿದೆ: ಕಸೂತಿಯ ಹೊದಿಕೆಗಳು ರಾಶಿಯಾಗಿ ಸಿಕ್ಕಿದ್ದು ಕೆಲವೇ ದೊಡ್ಡ ಮೂಟೆಗಳಲ್ಲಿ. ಉಳಿದ ಬಹುಪಾಲು ಸಣ್ಣ ಮೂಟೆಗಳಲ್ಲಿ ಇದ್ದದ್ದು ಒರಟು ಹತ್ತಿಬಟ್ಟೆ. ಅದೂ ಆ ಜನಾಂಗದ್ದೇ ಗುರುತು. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಜಾಗ ಸಿಕ್ಕಿದ್ದು ದೊಡ್ಡವರ ಹೊದಿಕೆಗೆ.

ಮುಂದೆ ಬಂದ ಇಂಕಾ ದೊರೆಗಳ ಕಾಲದಲ್ಲಂತೂ ಈ ವಿಷಯ ಗುಟ್ಟಾಗಿ ಉಳಿದಿರಲಿಲ್ಲ. ಮಾನವಶಾಸ್ತ್ರಜ್ಞ ಜಾನ್ ಮುರ್ರಾ ಇಂಕಾ ಬಟ್ಟೆಯ ಬಗ್ಗೆ 1962ರಲ್ಲಿ ಬರೆದ ಹೆಸರಾಂತ ಪ್ರಬಂಧ ಓದಿದರೆ ಸಾಕು. ಅಲ್ಲಿ ಬಟ್ಟೆ ಎರಡು ದರ್ಜೆಯದು: ಸಾಮಾನ್ಯರದ್ದು 'ಅವಾಸ್ಕಾ', ಅರಮನೆಯದ್ದು 'ಕುಂಬಿ'. ಕುಂಬಿಯನ್ನು ನೇಯಲು ಊರೂರಿನಿಂದ ಹೆಣ್ಣುಮಕ್ಕಳನ್ನು ಆರಿಸಿ ತಂದು ಇಡಲಾಗುತ್ತಿತ್ತು. ದೊರೆ ದಯಪಾಲಿಸದೆ ಅದನ್ನು ತೊಡುವುದು ಅಪರಾಧ. ಗೆದ್ದ ಪ್ರಾಂತ್ಯಗಳ ಜನ ತಮ್ಮ ತಮ್ಮ ಊರಿನ ಉಡುಪು, ಮುಖ್ಯವಾಗಿ ತಲೆಗೆ ಸುತ್ತುವ ಪಟ್ಟಿ, ಬದಲಿಸಕೂಡದು ಎಂಬ ಕಟ್ಟಪ್ಪಣೆಯಿತ್ತೆಂದು 1653ರಲ್ಲಿ ತನ್ನ ಗ್ರಂಥ ಮುಗಿಸಿದ ಪಾದ್ರಿ ಬೆರ್ನಾಬೆ ಕೋಬೊ ದಾಖಲಿಸಿದ್ದಾನೆ. ಅಂದರೆ ಪ್ರತಿ ಊರಿಗೂ ಒಂದು ಉಡುಪು ಎಂಬ ವೈವಿಧ್ಯವನ್ನು ಕಾಯುತ್ತಿದ್ದವನು ದೊರೆ. ಸಾವಿರ ಜನ ಸೇರಿದ ಕಡೆ ಯಾರು ಎಲ್ಲಿಯವರು ಎಂದು ಅಧಿಕಾರಿಗೆ ಒಂದೇ ನೋಟಕ್ಕೆ ತಿಳಿಯಬೇಕಿತ್ತು. ಅದೇ ಸೀಮೆಯಲ್ಲಿ 1780ರಲ್ಲಿ ಎರಡನೇ ತುಪಾಕ್ ಅಮಾರು ದಂಗೆಯೆದ್ದಾಗ ಸ್ಪೇನಿನ ಅಧಿಕಾರಿ ಅರೆಚೆ 1781ರಲ್ಲಿ ಅವನನ್ನು ಕೊಲ್ಲಿಸಿದ್ದಲ್ಲದೆ ಇಂಕಾ ಉಡುಪನ್ನೂ ನಿಷೇಧಿಸಿದ. ಒಬ್ಬ ದೊರೆ ಬಿಚ್ಚಕೂಡದು ಎಂದ, ಇನ್ನೊಬ್ಬ ತೊಡಕೂಡದು ಎಂದ. ಬಟ್ಟೆಯ ಗುರುತು ಜನರದ್ದಾಗಿತ್ತೇ?

ಅಷ್ಟು ದೂರ ಹೋಗಬೇಕಾಗಿಲ್ಲ ಎನ್ನುವವರಿಗೆ ಪಕ್ಕದ ತಿರುವಾಂಕೂರು ಇದೆ. ಎದೆ ಮುಚ್ಚಿಕೊಳ್ಳಲು ನಾಡಾರ್ ಹೆಂಗಸರು ದಶಕಗಳ ಕಾಲ ಹೋರಾಡಿದ ಮೇಲೆ 1859ರಲ್ಲಿ ಮಹಾರಾಜರು ಅಪ್ಪಣೆ ಕೊಟ್ಟರು. ಅಪ್ಪಣೆಯಲ್ಲೂ ಒಂದು ಷರತ್ತು: ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿ ಹೆಂಗಸರು ಉಡುವ ರೀತಿಯಲ್ಲಿ ಉಡಕೂಡದು. ನಾಚಿಕೆ, ಮಾನ, ಸಂಸ್ಕೃತಿ ಎಲ್ಲ ನೆಪಗಳೂ ಬಿದ್ದುಹೋದ ಮೇಲೆ ಉಳಿದದ್ದು ಇದೊಂದೇ: ನೋಡಿದ ಕೂಡಲೇ ಗೊತ್ತಾಗಬೇಕು. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಲಿಖಿತ ಅಪ್ಪಣೆಯೇ ಬೇಕಾಗಲಿಲ್ಲ. ಮೇಲಿನ ಬೀದಿಯಲ್ಲಿ ಹಾದುಹೋಗುವಾಗ ಕೇರಿಯ ಗಂಡಸು ಹೆಗಲ ಮೇಲಿನ ಟವೆಲನ್ನು ತೆಗೆದು ಕಂಕುಳಿಗೆ ಸೇರಿಸಬೇಕು, ಚಪ್ಪಲಿ ಕೈಯಲ್ಲಿ ಹಿಡಿಯಬೇಕು ಎಂಬುದು ಎಲ್ಲರಿಗೂ ಗೊತ್ತಿದ್ದ ಕಾನೂನು. ಅದೇ ಟವೆಲು ಗೌಡರ ಹೆಗಲ ಮೇಲಿದ್ದರೆ ಗತ್ತು, ಇವನ ಹೆಗಲ ಮೇಲಿದ್ದರೆ ಸೊಕ್ಕು. ಗುರುತು ನೇಯ್ಗೆಯಲ್ಲಿತ್ತು ಎನ್ನುವವರು ಈ ಟವೆಲಿಗೆ ಉತ್ತರ ಹೇಳಬೇಕು.

1927ರ ಡಿಸೆಂಬರ್‌ನಲ್ಲಿ ಮಹಾಡ್ ಸತ್ಯಾಗ್ರಹಕ್ಕೆ ನೆರೆದಿದ್ದ ಹೆಂಗಸರಿಗೆ ಅಂಬೇಡ್ಕರ್ ಹೇಳಿದ್ದು ಇದೇ ವಿಷಯ. ನೀವು ಸೀರೆ ಉಡುವ ರೀತಿಯೇ ನಿಮ್ಮನ್ನು ಅಸ್ಪೃಶ್ಯರೆಂದು ತೋರಿಸಿಕೊಡುತ್ತದೆ, ಅದನ್ನು ಬಿಡಿ, ಮೇಲ್ಜಾತಿಯವರಂತೆ ಉಡಿ, ಮೈತುಂಬ ಹೇರಿಕೊಂಡಿರುವ ಅಗ್ಗದ ಒಡವೆಗಳನ್ನೂ ಕಳಚಿ ಎಂಬುದು ಅವರ ಮಾತಿನ ಸಾರ. ಹೋರಾಟಕ್ಕೆ ಬೆಂಬಲವಾಗಿ ನಿಂತಿದ್ದ ಮೇಲ್ಜಾತಿ ಮನೆಯ ಹೆಂಗಸರು ಹೊಸ ರೀತಿಯಲ್ಲಿ ಸೀರೆ ಉಡಿಸಲು ನೆರವಾದದ್ದೂ ದಾಖಲೆಯಲ್ಲಿದೆ. ಇಂದಿನ ಪರಂಪರೆಯ ವಕ್ತಾರರು ಆ ಸಭೆಯಲ್ಲಿದ್ದಿದ್ದರೆ ಏನೆನ್ನುತ್ತಿದ್ದರು? ಒಂದು ಸಮುದಾಯದ ಅಪೂರ್ವ ಉಡುಗೆ ಶೈಲಿ ಅಳಿದುಹೋಗುತ್ತಿದೆ, ತಕ್ಷಣ ದಾಖಲಿಸಬೇಕು ಎನ್ನುತ್ತಿದ್ದರು. ನಂಜನಗೂಡು ಸೀಮೆಯ ಊರೂರಿನ ನಾಮಫಲಕಗಳಲ್ಲಿ ಅಂಬೇಡ್ಕರ್ ನೀಲಿ ಕೋಟು, ಟೈ ತೊಟ್ಟು ನಿಂತಿದ್ದಾರೆ. ಅದು ಈ ನೆಲದ ಉಡುಪಲ್ಲ ಎಂದು ಮೂಗು ಮುರಿಯುವವರು ಇದ್ದಾರೆ. ಈ ನೆಲ ತಮಗೆಂದು ಎತ್ತಿಟ್ಟಿದ್ದ ಉಡುಪು ಯಾವುದೆಂದು ಅಂಬೇಡ್ಕರ್ ಅವರಿಗೆ ಗೊತ್ತಿತ್ತು. ಅದಕ್ಕೇ ಕೋಟು ತೊಟ್ಟರು.

ಹೆಣ್ಣಿನ ವಿಷಯಕ್ಕೆ ಬಂದರೆ ಈ ವಾದದ ಪೊಳ್ಳು ಇನ್ನೂ ಬಯಲಾಗುತ್ತದೆ. ಕರ್ನಾಟಕದ ಪಾರಂಪರಿಕ ಸೀರೆಗಳೆಂದು ಪ್ರದರ್ಶನ ಮಾಡುವವರು ಇಳಕಲ್ ಸೀರೆಯ ಕೆಂಪು ಸೆರಗು, ಮೈಗೂ ಸೆರಗಿಗೂ ಬೆಸುಗೆ ಹಾಕುವ ತೋಪುತೆನಿ, ಚಿಕ್ಕಿಪರಾಸದ ದಡಿ ಎಲ್ಲ ತೋರಿಸುತ್ತಾರೆ. ಮೊಳಕಾಲ್ಮುರು, ಉಡುಪಿ, ಕೊಳ್ಳೇಗಾಲ ಎಲ್ಲವೂ ಇರುತ್ತವೆ. ಅಲ್ಲಿ ಒಂದು ಸೀರೆ ಮಾತ್ರ ಎಂದೂ ಇರುವುದಿಲ್ಲ: ತಲೆ ಬೋಳಿಸಿಕೊಂಡ ಮಡಿಹೆಂಗಸರು ಸಾಯುವವರೆಗೆ ಸುತ್ತಿಕೊಳ್ಳುತ್ತಿದ್ದ ಕೆಂಪು ಸೀರೆ. ಕನ್ನಡ ನಾಡಿನ ಬ್ರಾಹ್ಮಣ ಮನೆಗಳಲ್ಲಿ ತಲೆಮಾರುಗಟ್ಟಲೆ ಅದಕ್ಕಿಂತ ಸ್ಪಷ್ಟವಾದ ಸಾಮಾಜಿಕ ಗುರುತು ಇನ್ನೊಂದಿರಲಿಲ್ಲ. ಎಂ.ಕೆ. ಇಂದಿರಾ ಅಂಥ ವಿಧವೆಯೊಬ್ಬಳ ಕಥೆಯಾದ 'ಫಣಿಯಮ್ಮ' ಬರೆದರು, 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು, ಹಾಗಾಗಿ ಮರೆತೆವು ಎಂದೂ ಹೇಳುವಂತಿಲ್ಲ. ಉಡುಗೆಯ ಗುರುತು ಉಳಿಸಬೇಕಾದ ಸಂಪತ್ತು ಎನ್ನುವುದಾದರೆ ಆ ಸೀರೆಯನ್ನೂ ಉಳಿಸಿ. ಅದನ್ನು ಉಳಿಸಲಾರಿರಿ ಎಂದರೆ, ನೀವು ಉಳಿಸುತ್ತಿರುವುದು ಗುರುತನ್ನಲ್ಲ, ಗುರುತಿನಲ್ಲಿ ನಿಮಗೆ ಚೆಂದ ಕಂಡ ಭಾಗವನ್ನು.

ಈ ಜಾತಿಗೆ ಈ ಉಡುಪು ಎಂಬ ಅಚ್ಚುಕಟ್ಟಾದ ಪಟ್ಟಿ ಎಲ್ಲಿಂದ ಬಂತು ಎಂದೂ ಕೇಳಬೇಕು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ಮೈಸೂರಿನ ಜಾತಿ ಬುಡಕಟ್ಟುಗಳ ಮೇಲಿನ ನಾಲ್ಕು ಸಂಪುಟಗಳು 1928ರಿಂದ ಪ್ರಕಟವಾದವು. ಶ್ರಮದ ಕೆಲಸ, ಇಂದಿಗೂ ಉಪಯುಕ್ತ. ಆದರೆ ಅಂಥ ಸಮೀಕ್ಷೆಗಳು ಹುಟ್ಟಿದ್ದು ಜನರನ್ನು ವಿಂಗಡಿಸಿ ಕಡತಕ್ಕೆ ಸೇರಿಸುವ ಆಡಳಿತದ ಅಗತ್ಯದಿಂದ. ಕಡತಕ್ಕೆ ಒಂದು ಜಾತಿಗೆ ಒಂದು ಉಡುಪು ಬೇಕು. ಬರಗಾಲದಲ್ಲಿ ಸಿಕ್ಕಿದ್ದನ್ನು ಸುತ್ತಿಕೊಂಡವರು, ಸಂತೆಯಲ್ಲಿ ಅಗ್ಗಕ್ಕೆ ಬಂದ ಮಿಲ್ ಸೀರೆ ಕೊಂಡವರು ಅದರಲ್ಲಿ ಕಾಣುವುದಿಲ್ಲ. 1871ರ ಅಪರಾಧಿ ಬುಡಕಟ್ಟು ಕಾಯ್ದೆಯಡಿ ಹಲವು ಕಡೆ ಲಂಬಾಣಿಗರನ್ನೂ ಪಟ್ಟಿಗೆ ಸೇರಿಸಿದ್ದರು. ಇಂದು ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ, ಕನ್ನಡಿ ಬಿಲ್ಲೆಯ ಲಂಗ ಎಲ್ಲರಿಗೂ ಕಣ್ಣಿಗೆ ಹಬ್ಬ. ಅದೇ ಲಂಗ ಅಂದು ಪೊಲೀಸರ ಕಣ್ಣಿಗೆ ದೂರದಿಂದಲೇ ಬೀಳುತ್ತಿತ್ತು ಎಂಬುದನ್ನು ಯಾವ ಟ್ಯಾಗಿನಲ್ಲಿ ಬರೆದಿದ್ದಾರೆ? ತಾಂಡಾದ ಹೆಣ್ಣುಮಗಳು ಸೀರೆಗೋ ಚೂಡಿದಾರಿಗೋ ಬದಲಾದರೆ ಬೈಯುವವರು ಅವಳ ಅಜ್ಜಿಯ ಕಷ್ಟವನ್ನೂ ಉಟ್ಟು ನೋಡಲಿ.

ಇನ್ನು ನಮ್ಮ ಜಿಲ್ಲೆಯ ಹೆಮ್ಮೆ, ಮೈಸೂರು ಸಿಲ್ಕ್. ಇದನ್ನು ಅನಾದಿ ಪರಂಪರೆ ಎಂದು ಮಾರುತ್ತಾರೆ. ರೇಷ್ಮೆ ಸಾಕಣೆಗೆ ಈ ರಾಜ್ಯದಲ್ಲಿ ಒತ್ತು ಕೊಟ್ಟವನು ಟಿಪ್ಪು ಸುಲ್ತಾನ, ಬಂಗಾಳದಿಂದ ಹುಳು ತರಿಸಿ. ಮೈಸೂರಿನ ನೇಯ್ಗೆ ಕಾರ್ಖಾನೆ ಶುರುವಾದದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ 10 ಮಗ್ಗಗಳಿಂದ. ಅವು ಯಂತ್ರದ ಮಗ್ಗಗಳು. ಇಂದಿಗೂ ಟಿ. ನರಸೀಪುರದ ಫಿಲೇಚರ್‌ನಲ್ಲಿ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹಿಡಿದು, ಹಲವು ಗೂಡಿನ ಎಳೆಗಳನ್ನು ಒಂದಾಗಿಸಿ ನೂಲು ಬಿಚ್ಚುತ್ತಾರೆ. ಬೆಂದ ಹುಳುವಿನ ವಾಸನೆ ಆ ಕೋಣೆಯಲ್ಲಿ ಸದಾ ಇರುತ್ತದೆ, ನೀರಿನಲ್ಲಿ ನೆನೆದ ಬೆರಳ ತುದಿ ಬಿಳಿಚಿಕೊಂಡು ಸುಕ್ಕಾಗಿರುತ್ತದೆ. ಹೀಗೆ ಬಂದ ನೂಲು ಮೈಸೂರಿನಲ್ಲಿ ಹುರಿಗೊಂಡು ಸೀರೆಯಾಗುತ್ತದೆ. ಮೊದಲು ಅರಮನೆಗೆಂದು ನೇಯ್ದದ್ದು, ಸರ್ಕಾರದ ಸಂಸ್ಥೆಯ ಅಂಗಡಿಯಿಂದ ಎಲ್ಲರ ಬೀರುವಿಗೆ ಬಂತು.

ಆ ಸೀರೆಯನ್ನು ಒಮ್ಮೆ ಸರಿಯಾಗಿ ನೋಡಿ. ಮೈತುಂಬ ಒಂದೇ ಬಣ್ಣ, ಅಂಚಿನಲ್ಲಿ ಜರಿ, ಅಷ್ಟೆ. ಯಾವ ಕುಲದ ಚಿಹ್ನೆಯೂ ಇಲ್ಲ, ಯಾವ ಬೀದಿಯ ದಡಿಯೂ ಇಲ್ಲ. ಮದುವೆ ಛತ್ರದಲ್ಲಿ ಗಿಳಿಹಸಿರು ಮೈಸೂರು ಸಿಲ್ಕ್ ಉಟ್ಟು ಕೂತ ಶಾಲೆ ಟೀಚರಮ್ಮ ಯಾವ ಪೈಕಿ ಎಂದು ಪಕ್ಕದವರಿಗೆ ತಿಳಿಯುವುದಿಲ್ಲ. ತಿಳಿಯಬೇಕೆಂದರೆ ಬಾಯಿಬಿಟ್ಟು ಕೇಳಬೇಕು, ಕೇಳಿದರೆ ಕೇಳಿದವರ ಬಣ್ಣ ಬಯಲಾಗುತ್ತದೆ. ಈ ಸೀಮೆಯ ಜನ ಅತಿ ಹೆಚ್ಚು ಆಸೆಪಟ್ಟು ಕೊಳ್ಳುವ ಸೀರೆ ಯಾವ ಸಮುದಾಯದ ಗುರುತೂ ಅಲ್ಲದ ಸೀರೆ. ಗುರುತಿನ ವಾದಿಗಳು ಇದನ್ನೇ ತಮ್ಮ ಕರಪತ್ರದ ಮುಖಪುಟಕ್ಕೆ ಹಾಕುತ್ತಾರೆ!

ಎದುರಾಳಿಗಳ ಬಳಿ ಎರಡು ಗಟ್ಟಿ ಮಾತುಗಳಿವೆ. ಮೊದಲನೆಯದು ನೇಕಾರರದ್ದು: ಸಮುದಾಯಗಳು ತಮ್ಮ ಸೀರೆ ಬಿಟ್ಟರೆ ಮಗ್ಗ ನಿಲ್ಲುತ್ತದೆ ಎಂಬುದು. ಮಗ್ಗ ನಿಲ್ಲುತ್ತಿರುವುದು ನಿಜ. ಕಾರಣ ಬೇರೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೈಮಗ್ಗಕ್ಕೆಂದು ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟಿದೆ; ಪವರ್‌ಲೂಮ್‌ಗಳು ಹಗಲಲ್ಲೇ ಅವನ್ನು ನಕಲು ಮಾಡುತ್ತವೆ, ತಡೆಯುವವರಿಲ್ಲ. ನೂಲಿನ ಬೆಲೆ ಏರಿದಾಗ, ಸಹಕಾರ ಸಂಘದ ಬಾಕಿ ತಿಂಗಳುಗಟ್ಟಲೆ ಬರದಿದ್ದಾಗ ನೇಕಾರ ಮಗ್ಗದಿಂದ ಏಳುತ್ತಾನೆ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದು ಮಾಡಿತು. ಆಗ ಸಂಸ್ಕೃತಿಯ ಗುರುತಿಗಾಗಿ ನಿಟ್ಟುಸಿರು ಬಿಡುವವರಲ್ಲಿ ಎಷ್ಟು ಜನ ಬೀದಿಗಿಳಿದರು? ನೇಕಾರನಿಗೆ ಬೇಕಾದದ್ದು ಗಿರಾಕಿ. ಈ ಸೀರೆ ಇಂಥ ಜಾತಿಯ ಗುರುತು ಎಂದು ಫಲಕ ಹಾಕಿದರೆ ಗಿರಾಕಿ ಕಡಿಮೆಯಾಗುತ್ತಾನೆ, ಹೆಚ್ಚುವುದಿಲ್ಲ. ಇಳಕಲ್ ಸೀರೆಯನ್ನು ಹುಲ್ಲಹಳ್ಳಿಯ ಹೆಣ್ಣುಮಗಳು ಉಟ್ಟರೆ ನೇಕಾರ ಬದುಕುತ್ತಾನೆ. ಅದು ಉತ್ತರದವರದ್ದು ಎಂದು ಪಕ್ಕಕ್ಕಿಟ್ಟರೆ ಅಲ್ಲ.

ಎರಡನೆಯ ಮಾತು ಇನ್ನೂ ಗಟ್ಟಿ. ತುಳಿತಕ್ಕೊಳಗಾದವರೂ ಉಡುಗೆಯನ್ನು ಹೆಮ್ಮೆಯ ಗುರುತಾಗಿ ಎತ್ತಿಹಿಡಿದಿಲ್ಲವೇ? ಎತ್ತಿಹಿಡಿದಿದ್ದಾರೆ. ಬೊಲಿವಿಯಾದ ಮೂಲನಿವಾಸಿ ಹೆಂಗಸರು ನೆರಿಗೆ ಲಂಗ ಮತ್ತು ಗುಂಡುಟೋಪಿಯಲ್ಲೇ ಸಂಸತ್ತಿಗೆ ಹೋದರು. ಆ ಲಂಗ ಮೂಲದಲ್ಲಿ ಸ್ಪೇನಿನದು, ಟೋಪಿ ಯುರೋಪಿನದು. ಪ್ರಾಚೀನತೆಯಿಂದ ಅದಕ್ಕೆ ಬೆಲೆ ಬರಲಿಲ್ಲ, ತೊಟ್ಟವರ ಛಲದಿಂದ ಬಂತು. ನಮ್ಮಲ್ಲಿ 1980ರಲ್ಲಿ ಹುಟ್ಟಿದ ರೈತ ಸಂಘದ ಹಸಿರು ಶಾಲಿದೆ. ಕಬಿನಿ ನಾಲೆಗೆ ನೀರು ಬಿಡಿ ಎಂದು ರಸ್ತೆಗಿಳಿಯುವವರ ಹೆಗಲ ಮೇಲೆ ಅದನ್ನು ನೋಡಬಹುದು. ದಲಿತ ಸಂಘಟನೆಗಳ ನೀಲಿ ಶಾಲಿದೆ. ಇವು ನನ್ನ ವಾದವನ್ನು ಕೆಡವುವುದಿಲ್ಲ, ನಿಲ್ಲಿಸುತ್ತವೆ. ಹಸಿರು ಶಾಲನ್ನು ಯಾರೂ ಹುಟ್ಟಿನಿಂದ ಹೊದೆಯುವುದಿಲ್ಲ. ಇಷ್ಟವಾದರೆ ಹಾಕಿಕೊಳ್ಳಬಹುದು, ಬೇಡವಾದರೆ ಮಡಿಚಿಡಬಹುದು, ಒಪ್ಪುವವರು ಯಾರು ಬೇಕಾದರೂ ಬಂದು ಹೊದೆಯಬಹುದು. ಉಡುಗೆಯ ಗುರುತು ಗೌರವದ್ದೋ ಅವಮಾನದ್ದೋ ಎಂದು ಅಳೆಯಲು ಎರಡು ಪ್ರಶ್ನೆ ಸಾಕು: ತೊಟ್ಟವರು ಅದನ್ನು ಶಿಕ್ಷೆಯಿಲ್ಲದೆ ಕಳಚಬಹುದೇ? ಹೊರಗಿನವರು ಅದನ್ನು ಶಿಕ್ಷೆಯಿಲ್ಲದೆ ತೊಡಬಹುದೇ?

ಈ ಅಳತೆ ಸರ್ಕಾರಕ್ಕೂ ಅನ್ವಯಿಸುತ್ತದೆ. ರಾಜ್ಯ ಸರ್ಕಾರದ 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶದ ನಂತರ ಹಿಜಾಬ್ ತೊಟ್ಟ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತರು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಭಿನ್ನ ತೀರ್ಪು ಕೊಟ್ಟರು. 2025ರ ಏಪ್ರಿಲ್‌ನಲ್ಲಿ ಸಿಇಟಿ ಕೇಂದ್ರದಲ್ಲಿ ಜನಿವಾರ ತೆಗೆಯಬೇಕೆಂದು ಹುಡುಗರನ್ನು ತಡೆದಾಗ ಇಡೀ ರಾಜ್ಯದಲ್ಲಿ ಗದ್ದಲವೆದ್ದಿತು. ಒಂದರಲ್ಲಿ ಶಿಸ್ತು ಕಂಡವರಿಗೆ ಇನ್ನೊಂದರಲ್ಲಿ ಅನ್ಯಾಯ ಕಂಡಿತು. ನನಗೆ ಎರಡೂ ಒಂದೇ. ಬಲವಂತವಾಗಿ ತೊಡಿಸುವುದಕ್ಕೂ ಬಲವಂತವಾಗಿ ಕಳಚಿಸುವುದಕ್ಕೂ ಅರೆಚೆಯ ಕಾಲದಿಂದ ವ್ಯತ್ಯಾಸವಿಲ್ಲ. ಸರ್ಕಾರವೊಂದೇ ಅಲ್ಲ. ಗಾರ್ಮೆಂಟ್ಸ್ ಕಾರ್ಖಾನೆಗಳನ್ನು ನೋಡಿದವರಿಗೆ ಗೊತ್ತು, ಸೂಪರ್‌ವೈಸರ್‌ಗೆ ಒಂದು ಬಣ್ಣದ ಕೋಟು, ಹೆಲ್ಪರ್‌ಗೆ ಇನ್ನೊಂದು. ಕುಂಬಿ, ಅವಾಸ್ಕಾ ಮುಗಿದ ಕಥೆಯಲ್ಲ.

ಬಟ್ಟೆ ಒಂದೇ ಆದ ಮಾತ್ರಕ್ಕೆ ಜಾತಿ ಹೋಗುತ್ತದೆಯೇ ಎಂದು ಕೇಳಿದರೆ, ಇಲ್ಲ. ನಂಜನಗೂಡಿನಿಂದ ಚಾಮರಾಜನಗರದ ದಾರಿಯಲ್ಲಿರುವ ಬದನವಾಳು ಅದನ್ನು ಹೇಳಿಕೊಟ್ಟಿದೆ. 1927ರಲ್ಲಿ ಗಾಂಧಿ ಭೇಟಿಕೊಟ್ಟ ಖಾದಿ ಕೇಂದ್ರ ಅಲ್ಲಿದೆ. ದೇಶವನ್ನೆಲ್ಲ ಒಂದೇ ಬಿಳಿ ಬಟ್ಟೆಯಲ್ಲಿ ಕಾಣುವ ಕನಸಿನ ಭಾಗವಾಗಿ ಅಲ್ಲಿ ಚರಕ ತಿರುಗಿತು. ಅದೇ ಊರಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾಯಿತು. ಅಂದಿನಿಂದ ಬಳಕೆ ತಪ್ಪಿದ್ದ, ಲಿಂಗಾಯತರ ಬೀದಿಗೂ ದಲಿತರ ಕೇರಿಗೂ ನಡುವಿನ ದಾರಿ ದುರಸ್ತಿಯಾಗಿ ತೆರೆದದ್ದು 2022ರ ಅಕ್ಟೋಬರ್‌ನಲ್ಲಿ. ನೂಲು ಬೀದಿಗಳನ್ನು ಹೊಲಿಯಲಿಲ್ಲ. ಜಾತಿಗೆ ಬಟ್ಟೆಯೊಂದೇ ಆಸರೆಯಲ್ಲ; ಮನೆಯಿರುವ ಜಾಗ, ಬೈಕಿನ ಹಿಂದಿನ ಸ್ಟಿಕ್ಕರು, ಮಾತಿನ ಮಧ್ಯೆ ಬರುವ 'ನಿಮ್ಮದು ಯಾವೂರು, ಯಾವ ಪೈಕಿ' ಎಂಬ ನಯವಾದ ವಿಚಾರಣೆ, ಹೀಗೆ ಅದಕ್ಕೆ ಕಣ್ಣುಗಳು ಬಹಳ. ಆದರೆ ಹತ್ತು ಕಣ್ಣಿನಲ್ಲಿ ಒಂದು ಕುರುಡಾಯಿತೆಂದರೆ ಸಂತೋಷಪಡಬೇಕೇ ಹೊರತು ಆ ಕಣ್ಣಿಗೆ ಚಿಕಿತ್ಸೆ ಮಾಡಿಸಬಾರದು. ಗುರುತಿನ ಉಡುಗೆಯನ್ನು ಮತ್ತೆ ತರೋಣ ಎನ್ನುವವರು ಮಾಡಹೊರಟಿರುವುದು ಆ ಚಿಕಿತ್ಸೆಯನ್ನೇ.

ಹಳೆಯ ಬಟ್ಟೆಗಳನ್ನು ಸುಟ್ಟುಹಾಕಿ ಎಂದು ನಾನು ಹೇಳುತ್ತಿಲ್ಲ. ಇಡಿ, ತೋರಿಸಿ, ನೇಯಿಸಿ, ಬೇಕಾದವರಿಗೆ ಮಾರಿ. ಆದರೆ 'ಇದನ್ನು ಇಂಥ ಸಮುದಾಯದವರು ಉಡುತ್ತಿದ್ದರು' ಎಂದಷ್ಟೇ ಬರೆದ ಫಲಕ ಅರ್ಧ ಸುಳ್ಳು ಹೇಳುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಬೇಕು: ಇದನ್ನು ಯಾರು ಉಡಕೂಡದಾಗಿತ್ತು, ಉಟ್ಟರೆ ಏನಾಗುತ್ತಿತ್ತು. ಆ ಸಾಲು ಬರೆಯುವ ಧೈರ್ಯವಿಲ್ಲದವರಿಗೆ ಹುಲ್ಲಹಳ್ಳಿಯ ಹೆಂಗಸರ ನೈಟಿಯ ಬಗ್ಗೆ ಮಾತಾಡುವ ಹಕ್ಕಿಲ್ಲ.